ಮೊದಲ ಕೆನ್ನೆ

ಕಾಗದದ ಮಿಲ್ಲಿನ ಹಿಂಬದಿ ಗೇಟಿನ ಪಕ್ಕದ ಕೋಣೆಯಲ್ಲಿ ಕೂತು ಜನರ ಕೆನ್ನೆ ನೋಡುವುದೇ ಕೆಲಸವಾಗಿದ್ದ ಮನುಷ್ಯನಿಗೆ ಕೆನ್ನೆರಾಯ ಎಂದು ಹೆಸರು ಬೀಳದೆ ಇನ್ನೇನು ಬೀಳುತ್ತದೆ? ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಸಂಬಳದ ದಿನ ಬಿಟ್ಟರೆ ಯಾರೂ ಕೂಗುತ್ತಿರಲಿಲ್ಲ. ಎದುರಿಗೆ ‘ರಾಯರೇ’ ಎನ್ನುವರು, ಬೆನ್ನ ಹಿಂದೆ ‘ಕೆನ್ನೆರಾಯ’ ಎನ್ನುವರು. ಅವರಿಗೆ ಎರಡೂ ಗೊತ್ತಿತ್ತು, ಎರಡರ ಮೇಲೂ ಒಳಗೊಳಗೇ ಜಂಬವಿತ್ತು.

ಹೆಸರು ನಗೆ ತರಿಸಿದರೂ ಕೆಲಸ ನಗೆಯದಲ್ಲ. ಮಿಲ್ಲಿನಲ್ಲಿ ಕಾಗದವಾಗದೆ ಉಳಿದ ರಾಡಿಯೆಲ್ಲ ಹಿತ್ತಲ ನೆಲದಡಿಯ ಗುಂಡಿಗಳಿಗೆ ಹೋಗಿ ಬೀಳುತ್ತದೆ. ಅಲ್ಲಿ ಅದು ಕೊಳೆಯುತ್ತದೆ, ಕೊಳೆತು ಗಾಳಿ ಬಿಡುತ್ತದೆ. ಕೆಟ್ಟ ಮೊಟ್ಟೆಯ ವಾಸನೆಯ ಆ ಗಾಳಿ ಸ್ವಲ್ಪ ಒಳಗೆ ಹೋದರೆ ತಲೆ ಸಿಡಿಯುತ್ತದೆ. ಇನ್ನೊಂದಿಷ್ಟು ಹೋದರೆ ವಾಸನೆ ತಿಳಿಯುವುದೇ ನಿಂತುಹೋಗುತ್ತದೆ. ಸದ್ಯ, ವಾಸನೆ ಹೋಯಿತಲ್ಲ ಎಂದು ಒಳಗಿದ್ದವನು ಖುಷಿಪಟ್ಟನೋ, ಅವನ ಕಥೆ ಅಲ್ಲಿಗೆ ಮುಗಿದಂತೆ.

ತಳದಲ್ಲಿ ಗಟ್ಟಿಯಾದ ರಾಡಿಯನ್ನು ಕೆರೆದು ತೆಗೆಯಲು ಆಗಾಗ ಆಳುಗಳು ಇಳಿಯಲೇಬೇಕು. ಇಳಿಯುವವರಿಗೆ ಮುಖ ಪೂರ್ತಿ ಮುಚ್ಚುವ ರಬ್ಬರ್ ಮಾಸ್ಕು, ಅದರ ಮೂತಿಗೆ ಗಾಳಿ ಸೋಸುವ ಡಬ್ಬಿ. ಮಾಸ್ಕಿನ ಅಂಚು ಚರ್ಮಕ್ಕೆ ಅಂಟಿ ಕೂತರೆ ಜೀವ ಭದ್ರ. ಅಂಚಿಗೂ ಚರ್ಮಕ್ಕೂ ನಡುವೆ ಮುಳ್ಳುಮುಳ್ಳಾದ ಗಡ್ಡ ನಿಂತಿತೆಂದರೆ ಅಷ್ಟು ಸಂದು ಸಾಕು, ಗಾಳಿ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಹಾಗಾಗಿ ಗಡ್ಡವಿದ್ದವನು ಯಾರೇ ಆಗಲಿ, ರಾಯರ ಗೇಟು ದಾಟುವ ಹಾಗಿರಲಿಲ್ಲ.

ಮೊದಲು ಬ್ಲೇಡಿನ ಕಾಲವಿತ್ತು. ಆತುರದಲ್ಲಿ ಕೆನ್ನೆ ಕೊಯ್ದುಕೊಳ್ಳುವುದು, ಆ ಗಾಯ ರಬ್ಬರಿನಡಿ ಬೆವರಿ ಕೀವಾಗುವುದು, ಆಳು ಮುಖ ಊದಿಸಿಕೊಂಡು ಮನೆಯಲ್ಲಿ ಮಲಗುವುದು, ಇದೇ ಆಗಿತ್ತು. ಬೇಸತ್ತ ಆಫೀಸಿನವರು ಕರೆಂಟಿನ ಶೇವರ್ ತರಿಸಿಕೊಟ್ಟರು. ಅಂಗೈಯಲ್ಲಿ ಹಿಡಿಸುವಂಥ ಕಪ್ಪು ಮಷಿನ್ನು. ನೆತ್ತಿಯ ಮೇಲೆ ಜರಡಿಯ ಹಾಗೆ ಸಣ್ಣ ತೂತುಗಳ ತೆಳುವಾದ ಉಕ್ಕಿನ ಜಾಲರಿ, ಅದರಡಿಯಲ್ಲಿ ಅತ್ತಿಂದಿತ್ತ ಓಡುವ ಬ್ಲೇಡು. ಜಾಲರಿಯ ತೂತಿನೊಳಗೆ ನುಗ್ಗಿದ ಕೂದಲನ್ನು ಬ್ಲೇಡು ಕತ್ತರಿಸುತ್ತದೆ, ಚರ್ಮಕ್ಕೆ ತಾಗುವುದೇ ಇಲ್ಲ.

ರಾಯರು ಆ ಮಷಿನ್ನನ್ನು ನೋಡಿಕೊಂಡಷ್ಟು ಜೋಪಾನವಾಗಿ ಕೆಲವರು ಹೆತ್ತ ಮಕ್ಕಳನ್ನೂ ನೋಡಿಕೊಳ್ಳುವುದಿಲ್ಲ. ಒಬ್ಬರ ಸರದಿ ಮುಗಿದು ಇನ್ನೊಬ್ಬರ ಕೈಗೆ ಹೋಗುವ ಮುನ್ನ ಜಾಲರಿಗೆ ಸ್ಪಿರಿಟ್ಟು ಒರೆಸುವರು. ಕೆಲಸ ಮುಗಿದ ಮೇಲೆ ತಲೆ ಬಿಚ್ಚಿ, ಹಳೆಯ ಕಾಗದದ ಮೇಲೆ ಮೆಲ್ಲಗೆ ತಟ್ಟಿ ಕೂದಲ ಹುಡಿ ಉದುರಿಸುವರು. ಕುದುರೆ ಬಾಲದಂಥ ಪುಟ್ಟ ಬ್ರಷ್ಷಿನಿಂದ ಬ್ಲೇಡಿನ ಹಲ್ಲು ತೀಡುವರು, ಜಾಲರಿಗೆ ಮಾತ್ರ ಬ್ರಷ್ಷು ತಾಗಿಸರು, ತಾಗಿಸಿದರೆ ಸೊಟ್ಟಗಾಗುತ್ತದೆ. ಹೊಲಿಗೆ ಮಷಿನ್ನಿಗೆ ಹಾಕುವ ಎಣ್ಣೆಯ ಒಂದು ಹನಿ ಬಿಟ್ಟು, ಒಮ್ಮೆ ಓಡಿಸಿ, ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚಿ ಕೇಳುವರು. ಚಾರ್ಜಿಗೆ ಹಾಕಿ ಮರೆತು ಹೋಗುವುದು ಎಂದರೆ ಅವರ ಲೆಕ್ಕದಲ್ಲಿ ಒಲೆಯ ಮೇಲೆ ಹಾಲಿಟ್ಟು ಮರೆಯುವುದಕ್ಕಿಂತ ದೊಡ್ಡ ಅಪರಾಧ. ‘ರಾಯರು ಮಷಿನ್ನಿಗೆ ಲಾಲಿ ಹಾಡೋದೊಂದು ಬಾಕಿ’ ಎಂದು ಆಳುಗಳು ಆಡಿಕೊಳ್ಳುತ್ತಿದ್ದರು.

ಬ್ಲೇಡು, ಜಾಲರಿ ಸವೆಯುತ್ತವೆ, ಆಗಾಗ ಬದಲಿಸಬೇಕು ಎಂದು ಮಷಿನ್ನಿನ ಜೊತೆ ಬಂದ ಚೀಟಿಯಲ್ಲಿತ್ತು. ಆಫೀಸಿನವರು ಒಂದು ಹೊಸ ಜೊತೆಯನ್ನು ಕಳಿಸಿಯೂ ಇದ್ದರು. ರಾಯರು ಅದನ್ನು ಪೊಟ್ಟಣ ಒಡೆಯದೆ ಮೇಜಿನ ಖಾನೆಯ ಹಿಂಬದಿಗೆ ತಳ್ಳಿದ್ದರು. ‘ಅದೆಲ್ಲ ಸಾಮಾನು ಮಾರೋಕೆ ಬರೆಯೋದು ಕಣಯ್ಯ. ಸರಿಯಾಗಿ ಇಟ್ಕೊಂಡ್ರೆ ಯಾವ ಮಷಿನ್ನೂ ಸವೆಯೋದಿಲ್ಲ’ ಎನ್ನುವರು. ತಾನು ಇಷ್ಟು ಜೋಪಾನ ಮಾಡಿದ ಮೇಲೂ ಬ್ಲೇಡು ಬದಲಿಸಬೇಕು ಎಂದರೆ ಅದು ಅವರ ಜೋಪಾನಕ್ಕೇ ಅವಮಾನ ಎಂಬ ಹಟ.

ಹಾಗಂತ ರಾಯರು ಕಣ್ಣುಮುಚ್ಚಿ ನಂಬುವವರೂ ಅಲ್ಲ. ಮಷಿನ್ನು ಸರಿಯಿದೆಯೋ ಇಲ್ಲವೋ ಎಂದು ದಿನವೂ ಪರೀಕ್ಷೆ ಮಾಡುತ್ತಿದ್ದರು, ಅದೂ ತಮ್ಮ ಮುಖದ ಮೇಲೆ. ಇದಕ್ಕೊಂದು ಹಿನ್ನೆಲೆ ಇದೆ. ಆ ಕಾಲದಲ್ಲಿ ಇಡೀ ಮಿಲ್ಲಿನಲ್ಲಿ ರಾಯರಷ್ಟು ಒರಟು ಗಡ್ಡ ಇನ್ನೊಬ್ಬರಿಗಿರಲಿಲ್ಲ. ಬೆಳಿಗ್ಗೆ ಬೋಳಿಸಿದರೆ ಮಧ್ಯಾಹ್ನಕ್ಕೆ ಕರ್ರಗಾಗುತ್ತಿತ್ತು. ಆಗಿದ್ದ ಸೇಫ್ಟಿ ಆಫೀಸರು ಅದನ್ನು ನೋಡಿ ನಕ್ಕು, ‘ನಿಮ್ಮ ಗಡ್ಡ ಹೋಯ್ತು ಅಂದ್ರೆ ಯಾರ ಗಡ್ಡವಾದ್ರೂ ಹೋಗುತ್ತೆ ರಾಯರೇ. ದಿನಾ ಮೊದಲು ನೀವು ಮಾಡ್ಕೊಳ್ಳಿ. ನಿಮ್ಮ ಕೆನ್ನೆ ಪಾಸಾದ್ರೆ ಮಷಿನ್ ಪಾಸು’ ಎಂದರು. ಅಂದಿನಿಂದ ಅದೇ ಪದ್ಧತಿ. ರಾಯರು ಎಲ್ಲರ ಎದುರು ಶೇವ್ ಮಾಡಿಕೊಂಡು, ಹತ್ತಿಯ ಉಂಡೆಯೊಂದನ್ನು ಕತ್ತಿನಿಂದ ಕೆನ್ನೆಗೆ, ಕೂದಲಿಗೆ ಎದುರಾಗಿ ಎಳೆಯುವರು. ಒಂದು ಎಳೆಯೂ ಸಿಕ್ಕಿಕೊಳ್ಳದೆ ಹತ್ತಿ ಜಾರಿದರೆ, ‘ಪಾಸು’ ಎಂದು ಗಟ್ಟಿಯಾಗಿ ಹೇಳಿ ಮಷಿನ್ನನ್ನು ಮುಂದಿನವನ ಕೈಗೆ ಕೊಡುವರು.

ಮೊದಮೊದಲು ಪ್ರತಿಯೊಬ್ಬನ ಕೆನ್ನೆಗೂ ಹತ್ತಿ ಎಳೆಯುತ್ತಿದ್ದರು. ಆಮೇಲೆ ಸಾಲು ಉದ್ದವಾಯಿತು, ಕೆಲಸ ತಡವಾಗುತ್ತದೆಂದು ಮೇಸ್ತ್ರಿ ಗೊಣಗಿದ. ‘ಮಷಿನ್ ಪಾಸಾಗಿದೆ, ಎಲ್ಲರೂ ಅದರಲ್ಲೇ ಮಾಡ್ಕೊಂಡಿದ್ದಾರೆ, ಇನ್ನೂ ಹತ್ತಿ ಯಾಕೆ ರಾಯರೇ? ನಾವೇನು ಮದುವೆ ಗಂಡುಗಳಾ?’ ಮಾತು ನ್ಯಾಯವಾಗಿಯೇ ಕೇಳಿಸಿತು. ಮಷಿನ್ನು ಪಾಸಾದ ಮೇಲೆ ಕೆನ್ನೆಗಳು ಪಾಸಾಗದೆ ಎಲ್ಲಿ ಹೋಗುತ್ತವೆ? ಹತ್ತಿ ರಾಯರ ಕೆನ್ನೆಗೆ ಮಾತ್ರ ಉಳಿಯಿತು.

ಎಡವಟ್ಟಾದದ್ದು ಇಲ್ಲೇ. ಯಾಕೆಂದರೆ ಕಬ್ಬಿಣ, ಉಕ್ಕು ಸವೆಯುವ ಹಾಗೆ ಗಡ್ಡವೂ ಸವೆಯುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ರಾಯರಿಗೆ ವಯಸ್ಸಾಗುತ್ತಿತ್ತು. ಸಾಲದ್ದಕ್ಕೆ ಮೂತ್ರ ಕಟ್ಟುವ ತೊಂದರೆ ಶುರುವಾಗಿ, ನಾಚಿಕೊಂಡು ಡಾಕ್ಟರ ಬಳಿ ಹೋಗಿ ಮಾತ್ರೆ ತಂದಿದ್ದರು. ಆ ಮಾತ್ರೆ ಒಳಗೇನು ಮಾಡಿತೋ, ಅವರ ಗಡ್ಡ ಬೆಳ್ಳಗಾಗಿ, ತೆಳ್ಳಗಾಗಿ, ಜೋಳದ ತೆನೆಯ ರೇಷ್ಮೆಯ ಹಾಗೆ ಮೆತ್ತಗಾಯಿತು. ದಿನವೂ ನೋಡುವ ಮುಖದಲ್ಲಿ ಇಂಥದು ಕಾಣಿಸುವುದಿಲ್ಲ. ಹೆಂಡತಿಗೆ ಕಂಡಿತ್ತು. ‘ಮೊದಲೆಲ್ಲ ಹತ್ರ ಬಂದ್ರೆ ಕೆನ್ನೆ ತರಚ್ತಿತ್ತು. ಈಗ ನೋಡಿ, ಮಗುವಿನ ಕೆನ್ನೆ’ ಎಂದು ಒಂದು ದಿನ ಆಕೆ ನಕ್ಕಳು. ರಾಯರು, ‘ಮಷಿನ್ ಅಂದ್ರೆ ಹಾಗಿರಬೇಕು. ಹೊಸದರಲ್ಲೂ ಇಷ್ಟು ಚೆನ್ನಾಗಿ ಮಾಡ್ತಿರಲಿಲ್ಲ’ ಎಂದು ಬೀಗಿದರು. ಆ ಮೊಂಡು ಮಷಿನ್ನಿನ ಬದಲು ಒದ್ದೆ ಟವೆಲ್ಲಿನಲ್ಲಿ ಒರೆಸಿದ್ದರೂ ಅವರ ಗಡ್ಡ ಹೋಗುತ್ತಿತ್ತೇನೋ.

ಹೆಂಡತಿಗೆ ಒಬ್ಬ ತಮ್ಮನಿದ್ದ. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಹಲ್ಲು ಬೀಳದ ವಯಸ್ಸು. ಅಕ್ಕನೇ ಎತ್ತಿ ಆಡಿಸಿ, ಮದುವೆಯಾದ ಮೇಲೂ ಜೊತೆಯಲ್ಲಿಟ್ಟುಕೊಂಡು ಬೆಳೆಸಿದಳು. ರಾಯರಿಗೆ ಮಕ್ಕಳಿರಲಿಲ್ಲ, ಮೈದುನನೇ ಮನೆಯ ಮಗ. ಓದು ತಲೆಗೆ ಹತ್ತದೆ ಅಲ್ಲಿ ಇಲ್ಲಿ ಅಲೆದ ಹುಡುಗ ಕೊನೆಗೆ ಮಿಲ್ಲಿನ ಗುಂಡಿ ಕೆಲಸಕ್ಕೆ ಸೇರುತ್ತೇನೆ ಎಂದಾಗ ಅಕ್ಕ ಮೂರು ಹೊತ್ತೂ ಅತ್ತಳು. ಗುಂಡಿಯ ವಿಷಯ ಅವಳಿಗೆ ಗಂಡನ ಬಾಯಿಂದಲೇ ಗೊತ್ತಿತ್ತಲ್ಲ.

‘ಅವನು ಇಳಿಯೋ ಮುಂಚೆ ನನ್ನ ಕೈ ದಾಟ್ಕೊಂಡೇ ಹೋಗ್ಬೇಕು ಕಣೇ’ ಎಂದು ರಾಯರು ಸಮಾಧಾನ ಹೇಳಿದರು. ‘ನಾನಿರೋವಾಗ ಅವನಿಗೇನಾಗುತ್ತೆ?’

ಆಕೆ ಕಣ್ಣೊರೆಸಿಕೊಂಡು, ‘ನಿಮ್ಮ ಕೈ ಮೇಲೆ ನಂಬಿಕೆ ಇಟ್ಟು ಕಳಿಸ್ತಿದೀನಿ ಅಷ್ಟೇ. ಅವನಿಗೇನಾದ್ರೂ ಆದ್ರೆ ನಾನು ನಿಮ್ಮ ಮುಖ ನೋಡಲ್ಲ’ ಎಂದಳು. ತಮಾಷೆಗೆ ಹೇಳಿದ ಮಾತಲ್ಲ ಅದು ಎಂಬುದು ರಾಯರಿಗೂ ಗೊತ್ತಿತ್ತು.

ಮೈದುನನ ಗಡ್ಡ ಹಿಂದೆ ರಾಯರಿಗಿದ್ದ ಗಡ್ಡವೇ. ಕಪ್ಪು, ದಟ್ಟ, ತಂತಿಯಂಥದು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವನು ಮುಖ ಕಿವಿಚಿಕೊಂಡು, ‘ಭಾವ, ನಿಮ್ಮ ಮಷಿನ್ನು ಕೂದ್ಲು ಕತ್ತರಿಸುತ್ತೋ ಕೀಳುತ್ತೋ? ಕಣ್ಣಲ್ಲಿ ನೀರು ಬರುತ್ತೆ’ ಎಂದ.

‘ಒತ್ತಬೇಡ. ಕೆನ್ನೆ ಬಿಗಿಯಾಗಿ ಹಿಡಿದು ಎದುರಾಗಿ ಎಳಿ. ಮಷಿನ್ನು ಹಿಡಿಯೋಕೆ ಬರದವನು ಮಷಿನ್ನನ್ನ ಬಯ್ದನಂತೆ.’

‘ಎಳೆದೂ ಎಳೆದೂ ಕೈ ನೋಯುತ್ತೆ.’

‘ಹತ್ತಿ ಎಳೆದದ್ದು ನೋಡಿದೆಯೋ ಇಲ್ವೋ? ಪಾಸಾಗಿದೆ. ಮಾಡ್ಕೊ, ಮಾಡ್ಕೊ, ಹಿಂದೆ ಜನ ಕಾಯ್ತಿದಾರೆ.’

ಹುಡುಗ ಆಮೇಲೆ ಆ ಮಾತೆತ್ತಲಿಲ್ಲ. ಭಾವನ ಕೆಲಸದಲ್ಲಿ ತಪ್ಪು ಹುಡುಕುವ ಸ್ವಭಾವ ಅವನದಲ್ಲ. ಮಿಕ್ಕವರೂ ಗೊಣಗುವಷ್ಟು ಗೊಣಗಿ ಸುಮ್ಮನಾದರು. ಮಷಿನ್ನಿನ ದನಿ ಬದಲಾಗಿತ್ತು. ಮೊದಲು ದುಂಬಿಯ ಹಾಗೆ ಗುಂಯ್ ಎನ್ನುತ್ತಿದ್ದದ್ದು ಈಗ ಕೆಮ್ಮಿದ ಹಾಗೆ ತಡೆತಡೆದು ಓಡುತ್ತಿತ್ತು. ರಾಯರು ಇನ್ನೊಂದು ಹನಿ ಎಣ್ಣೆ ಬಿಟ್ಟರು. ಕಾಗದದ ಮೇಲೆ ಉದುರುವ ಹುಡಿಯೂ ಕಡಿಮೆಯಾಗುತ್ತ ಬಂದಿತ್ತು. ಅದಕ್ಕೂ ರಾಯರ ಬಳಿ ಉತ್ತರವಿತ್ತು: ಹುಡುಗರು ಈಗೀಗ ಶಿಸ್ತು ಕಲಿತಿದ್ದಾರೆ, ಮನೆಯಲ್ಲೇ ಅರ್ಧ ಮುಗಿಸಿಕೊಂಡು ಬರುತ್ತಾರೆ.

ಮಾಸ್ಕಿಗೆ ಇನ್ನೊಂದು ಪರೀಕ್ಷೆಯೂ ಇತ್ತು. ಹಾಕಿಕೊಂಡ ಮೇಲೆ ಡಬ್ಬಿಯ ಬಾಯಿಗೆ ಅಂಗೈ ಒತ್ತಿ ಉಸಿರು ಎಳೆದರೆ ಮಾಸ್ಕು ಮುಖಕ್ಕೆ ಕಚ್ಚಿಕೊಳ್ಳಬೇಕು, ಕಚ್ಚಿಕೊಂಡು ಹಾಗೇ ನಿಲ್ಲಬೇಕು. ಮುಳ್ಳುಗಡ್ಡದ ಮೇಲೂ ಅದು ಕಚ್ಚಿಕೊಳ್ಳುತ್ತದೆ, ಆದರೆ ನಿಲ್ಲುವುದಿಲ್ಲ, ಮೆಲ್ಲಗೆ ಸಡಿಲುತ್ತದೆ. ಅಷ್ಟು ಹೊತ್ತು ಕಾದು ನೋಡುವ ವ್ಯವಧಾನ ಯಾರಿಗಿದೆ? ಗುಟುಕು ಉಸಿರೆಳೆದು, ಹೆಬ್ಬೆರಳು ಎತ್ತಿ, ಇಳಿದುಬಿಡುವರು.

ಒಳಗೆ ಹೋದದ್ದು ಹೊರಗೆ ಕಾಣಿಸತೊಡಗಿತ್ತು. ಆಳುಗಳು ಸಂಜೆ ತಲೆಗೆ ಬಟ್ಟೆ ಬಿಗಿದುಕೊಂಡು ಮನೆಗೆ ಹೋಗುವರು. ಒಬ್ಬನಿಗೆ ಊಟ ರುಚಿಸದು, ಇನ್ನೊಬ್ಬನಿಗೆ ಕಣ್ಣುರಿ. ಗುಂಪಿನಲ್ಲಿ ಹಾಡುಗಾರ ಎಂದು ಕರೆಸಿಕೊಳ್ಳುವವನೊಬ್ಬನಿದ್ದ; ಸದಾ ಏನಾದರೂ ಗುನುಗುವ ಗಂಟಲು ಅವನದು. ಅವನ ದನಿ ಕೆಟ್ಟಿತು, ಕೆಮ್ಮು ಹತ್ತಿಕೊಂಡಿತು, ಒಂದು ದಿನ ಕೆಲಸ ಬಿಟ್ಟು ಊರಿಗೆ ಹೋದ. ಬೀಡಿ ಅವನನ್ನು ತಿಂದಿತು ಎಂದು ಎಲ್ಲರೂ ಮಾತಾಡಿಕೊಂಡರು. ರಾಯರೂ ಹಾಗೇ ಎಂದರು. ಬೀಡಿಗೆ ಬಾಯಿಲ್ಲವಲ್ಲ, ಏನು ಹೇಳಿದರೂ ಕೇಳಿಸಿಕೊಳ್ಳುತ್ತದೆ.

ಒಂದು ಸಂಜೆ ಮೈದುನ ಊಟಕ್ಕೆ ಕೂತವನು ತಟ್ಟೆ ಪಕ್ಕಕ್ಕೆ ಸರಿಸಿದ. ಅಕ್ಕ ಹತ್ತಿರ ಬಂದು ಹಣೆ ಮುಟ್ಟಿದಳು, ಕೆನ್ನೆ ಮುಟ್ಟಿದಳು, ಕೈ ಹಿಂದಕ್ಕೆಳೆದುಕೊಂಡಳು.

‘ಏನೋ ಇದು? ಕೈಗೆ ಚುಚ್ಚುತ್ತಲ್ಲೋ. ಇವತ್ತು ಶೇವ್ ಮಾಡ್ಕೊಂಡಿಲ್ವಾ?’

‘ಮಾಡ್ಕೊಂಡಿದೀನಿ ಕಣಕ್ಕ. ಭಾವನ್ನೇ ಕೇಳು.’

‘ಪ್ರಾಯದ ಗಡ್ಡ ಕಣೇ’ ಎಂದರು ರಾಯರು, ಅನ್ನ ಕಲಸುತ್ತ. ‘ಬೆಳಿಗ್ಗೆ ತೆಗೆದ್ರೆ ಸಂಜೆಗೆ ಬರುತ್ತೆ. ನಂಗೂ ಹಾಗೇ ಬರ್ತಿರಲಿಲ್ವಾ?’

‘ತಲೆನೋವು ಬೇರೆ ಅಂತಾನೆ. ದಿನಾ ಅಂತಾನೆ.’

‘ರಬ್ಬರ್ ಪಟ್ಟಿ ಬಿಗಿಯಾದ್ರೆ ತಲೆ ನೋಯುತ್ತೆ. ಅಭ್ಯಾಸ ಆಗೋವರೆಗೆ ಅಷ್ಟೇ.’

ಮೈದುನ ಏನೋ ಹೇಳಲು ಬಾಯಿ ತೆರೆದ. ಮಾಸ್ಕಿನೊಳಗೆ ಒಮ್ಮೊಮ್ಮೆ ವಾಸನೆ ಬರುತ್ತದೆ ಎಂದು ಹೇಳಬೇಕೆಂದಿದ್ದ. ಹೇಳಿದರೆ ಅಕ್ಕ ಕೆಲಸ ಬಿಡಿಸುತ್ತಾಳೆ, ಭಾವನ ಮೇಲೆ ಮಾತು ಬರುತ್ತದೆ. ಬಾಯಿ ಮುಚ್ಚಿಕೊಂಡು ಎದ್ದು ಹೋಗಿ ಮಲಗಿದ. ರಾಯರು ಕಂಡರು, ಕಂಡೂ ಕೇಳಲಿಲ್ಲ. ಆ ರಾತ್ರಿ ಕೇಳಿದ್ದರೆ ಏನಾಗುತ್ತಿತ್ತು ಎಂದು ಈಗ ಹೇಳಿ ಪ್ರಯೋಜನವಿಲ್ಲ.

ದೊಡ್ಡ ಗುಂಡಿಯ ಸರದಿ ಬಂತು. ಅದು ಹಿತ್ತಲ ಕೊನೆಯಲ್ಲಿತ್ತು. ಮಿಕ್ಕ ಗುಂಡಿಗಳಿಗಿಂತ ಆಳ, ನಡುವೆ ರಾಡಿ ಕಲಕುವ ದೊಡ್ಡ ಕಬ್ಬಿಣದ ಚಕ್ರ. ಚಕ್ರ ಕೆಟ್ಟು ನಿಂತು ಬಹಳ ದಿನವಾಗಿ ತಳವೆಲ್ಲ ಹೆಪ್ಪುಗಟ್ಟಿತ್ತು. ಆಫೀಸಿನಿಂದ ಅವಸರ. ಬೆಳಿಗ್ಗೆಯೇ ಮುಚ್ಚಳ ತೆಗೆದು, ಗಾಳಿ ಊದುವ ಯಂತ್ರ ಹಚ್ಚಿಟ್ಟರು. ಬಿಸಿಲು ಚುರುಗುಟ್ಟುತ್ತಿತ್ತು. ಗುಂಡಿಯ ಬಾಯಿಂದ ಬರುವ ವಾಸನೆಗೆ ಕಾಗೆಗಳು ಆ ಕಡೆಯ ಗೋಡೆ ಬಿಟ್ಟು ಈ ಕಡೆಗೆ ಬಂದು ಕೂತಿದ್ದವು.

ರಾಯರು ಎಂದಿನಂತೆ ಗೇಟಿನ ಕೋಣೆಯಲ್ಲಿ ಮೊದಲು ಶೇವ್ ಮಾಡಿಕೊಂಡರು. ಹತ್ತಿ ಎಳೆದರು. ಜಾರಿತು. ‘ಪಾಸು’ ಎಂದರು. ಮಷಿನ್ನು ಕೈಯಿಂದ ಕೈಗೆ ಹೋಯಿತು. ಮೈದುನ ಕನ್ನಡಿಯ ಮುಂದೆ ನಿಂತು ಹಲ್ಲು ಕಚ್ಚಿ ಎಳೆದುಕೊಂಡ, ಕೆನ್ನೆಯೆಲ್ಲ ಕೆಂಪಗಾಯಿತು. ಆ ಕೆಂಪು ನೋಡಿದವರಿಗೆ ಚೆನ್ನಾಗಿ ಬೋಳಿಸಿದ್ದಾನೆ ಎಂದೇ ಅನಿಸಬೇಕು.

‘ಮೊದಲು ನಾನಿಳೀತೀನಿ ಭಾವ. ಚಕ್ರದ ಸುತ್ತ ಕೆರೆಯೋಕೆ ಸಣ್ಣ ಮೈಯವನೇ ಬೇಕಂತೆ’ ಎಂದು ನಕ್ಕ.

‘ಹುಷಾರು. ವಾಸನೆ ಬಂದ್ರೆ ತಕ್ಷಣ ಹಗ್ಗ ಎಳಿ.’

‘ಬಂದೇ ಬರುತ್ತಲ್ಲ, ಗುಂಡಿ ಅಲ್ವಾ’ ಎಂದ ಅವನು. ಮಾತು ರಾಯರ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಮಾಸ್ಕು ಹಾಕಿಕೊಂಡವನಿಗೆ ವಾಸನೆ ಬರಲೇಬಾರದು.

ದೊಡ್ಡ ಗುಂಡಿಯೆಂದು ಅಂದು ರಾಯರೂ ಅದರ ಬಾಯಿಯವರೆಗೆ ಬಂದರು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೈದುನ ಏಣಿ ಇಳಿದ. ಮೇಲೆ ಮೇಸ್ತ್ರಿ ಮುಂದಿನ ಸರದಿಗೆ ಮಾಸ್ಕು ಹಾಕಿಕೊಳ್ಳುತ್ತ, ಹಿಂದಿನ ಪಟ್ಟಿ ಬಕಲ್ಲಿಗೆ ಸಿಕ್ಕದೆ ತಡಕಾಡುತ್ತಿದ್ದ. ‘ರಾಯರೇ, ಇದೊಂಚೂರು ಹಾಕಿ’ ಎಂದು ತಲೆ ಬಗ್ಗಿಸಿದ. ರಾಯರು ಒಂದು ಕೈಯಲ್ಲಿ ಪಟ್ಟಿ ಎಳೆದು, ಇನ್ನೊಂದು ಕೈಯಲ್ಲಿ ಅವನ ದವಡೆಯಡಿ ಮಾಸ್ಕಿನ ಅಂಚನ್ನು ಸರಿಪಡಿಸಹೋದರು. ಬೆರಳಿಗೆ ಕಬ್ಬಿಣ ಉಜ್ಜುವ ಅರ ತಾಗಿದ ಹಾಗಾಯಿತು.

‘ನೀನು ಶೇವ್ ಮಾಡ್ಕೊಂಡಿಲ್ಲ.’

‘ಈಗ ತಾನೇ ನಿಮ್ಮೆದುರಿಗೇ ಮಾಡ್ಕೊಂಡೆನಲ್ಲ ರಾಯರೇ! ಚರ್ಮ ಉರೀತಿದೆ.’

ರಾಯರು ಪಕ್ಕದವನ ಕೆನ್ನೆಗೆ ಕೈ ಹಾಕಿದರು. ಒರಟು. ಅವನಾಚೆಯವನದು, ಒರಟು. ಹಗ್ಗ ಹಿಡಿದವನದು ಕತ್ತಿನಿಂದ ಕಿವಿಯವರೆಗೆ ಮುಳ್ಳು. ಇದೇನು ಹುಚ್ಚು ಎಂದು ಆಳುಗಳು ಮುಖ ಮುಖ ನೋಡಿಕೊಂಡರು. ರಾಯರ ಕೈ ಕೊನೆಗೆ ತಮ್ಮ ಕೆನ್ನೆಗೆ ಹೋಯಿತು. ನುಣುಪು. ಹೆಂಡತಿ ಹೇಳಿದ ಹಾಗೆ ಮಗುವಿನ ಕೆನ್ನೆ.

ಪಾಸಾಗಿದ್ದದ್ದು ಮಷಿನ್ನಲ್ಲ. ಪಾಸಾಗಿದ್ದದ್ದು ತಮ್ಮ ಮುದಿತನ.

‘ಮೇಲೆ ಕರೀರಿ ಅವನನ್ನ!’ ಎಂದು ಕಿರುಚಿದರು. ‘ಹಗ್ಗ ಎಳೀರಿ!’

ಹಗ್ಗ ಹಿಡಿದವನು ಜಗ್ಗಿ ಸನ್ನೆ ಕೊಟ್ಟ. ಕೆಳಗಿನಿಂದ ಮರುಸನ್ನೆ ಬರಲಿಲ್ಲ. ಇನ್ನೊಮ್ಮೆ ಜಗ್ಗಿದ. ಹಗ್ಗ ಬಿಗಿಯಾಗಿ ನಿಂತಿತು. ಇಬ್ಬರು ಸೇರಿ ಎಳೆದರು, ಅಲುಗಲಿಲ್ಲ. ಮೇಸ್ತ್ರಿ ಬ್ಯಾಟರಿ ಬಿಟ್ಟು ನೋಡಿದ. ಚಕ್ರದ ರೆಕ್ಕೆಗೆ ಹಗ್ಗ ಸುತ್ತಿಕೊಂಡಿತ್ತು. ಅದರಾಚೆ, ರಾಡಿಯ ಮೇಲೆ, ಮಲಗಿದವನ ಕಾಲು ಮಾತ್ರ ಕಾಣುತ್ತಿತ್ತು.

ಮೇಸ್ತ್ರಿ ಏಣಿಗೆ ಕೈ ಹಾಕಿದ. ರಾಯರು ಅವನ ತೋಳು ಹಿಡಿದು ಹಿಂದಕ್ಕೆ ಎಳೆದರು.

‘ನೀನು ಹೋಗಬೇಡ.’

‘ಹುಚ್ಚು ಹಿಡೀತಾ ನಿಮಗೆ? ಹುಡುಗ ಸಾಯ್ತಿದಾನೆ!’

‘ನೀನೂ ಸಾಯ್ತೀಯ. ನಿಮ್ಮಲ್ಲಿ ಯಾರಿಳಿದ್ರೂ ಅವನ ಪಕ್ಕದಲ್ಲೇ ಬೀಳ್ತೀರ. ಕೊಡು ಇಲ್ಲಿ ಮಾಸ್ಕು.’

‘ರಾಯರೇ, ನಿಮ್ಮ ಮಂಡಿ...’

‘ಕೊಡು ಅಂದೆ!’

ರಾಯರು ಹಾಗೆ ಗದರಿದ್ದನ್ನು ಯಾರೂ ಕೇಳಿರಲಿಲ್ಲ. ಮೇಸ್ತ್ರಿ ಮಾಸ್ಕು ಕಳಚಿ ಕೊಟ್ಟ. ರಾಯರು ಪಟ್ಟಿ ಬಿಗಿದುಕೊಂಡು ಡಬ್ಬಿಯ ಬಾಯಿಗೆ ಅಂಗೈ ಒತ್ತಿ ಉಸಿರೆಳೆದರು. ರಬ್ಬರು ಮುಖಕ್ಕೆ ಕಚ್ಚಿಕೊಂಡಿತು. ಸಡಿಲಲಿಲ್ಲ. ಇಡೀ ಮಿಲ್ಲಿನಲ್ಲಿ ಆ ಹೊತ್ತು ಮಾಸ್ಕು ಸರಿಯಾಗಿ ಕೂರುವ ಮುಖ ಅದೊಂದೇ ಇತ್ತು. ಬೇರೆ ಯಾರೂ ಹೋಗುವ ಹಾಗಿರಲಿಲ್ಲ, ಅದಕ್ಕೇ ಹೋದರು.

ಸೊಂಟಕ್ಕೊಂದು ಹಗ್ಗ, ಹೆಗಲ ಮೇಲೆ ಇನ್ನೊಂದು, ಜೇಬಿನಲ್ಲಿ ಮೇಸ್ತ್ರಿಯ ಚಾಕು. ಏಣಿಯ ಒಂದೊಂದು ಮೆಟ್ಟಿಲಿಗೂ ಮಂಡಿ ಕುಯ್ ಎಂದಿತು. ಕೆಳಗೆ ಕತ್ತಲು, ಮೊಣಕಾಲುದ್ದದ ರಾಡಿ, ಮಾಸ್ಕಿನ ಗಾಜಿಗೆ ಕಟ್ಟಿದ ಮಂಜು. ಒಂದು ಹೆಜ್ಜೆ ಎತ್ತಿದರೆ ಇನ್ನೊಂದು ಹೂತುಹೋಗುತ್ತಿತ್ತು. ಮೂಗಿಗೆ ಏನೂ ಬರಲಿಲ್ಲ, ರಬ್ಬರಿನ ವಾಸನೆಯೊಂದನ್ನು ಬಿಟ್ಟು. ಮಾಸ್ಕು ಸರಿಯಾಗಿ ಕೂತರೆ ಹೀಗಿರುತ್ತದೆ ಎಂಬುದು ಈಚೆಗೆ ಸೇರಿದ ಹುಡುಗರಿಗೆ ಗೊತ್ತೇ ಇರಲಿಲ್ಲ ಎಂದು ಅವರಿಗೆ ಹೊಳೆದದ್ದು ಆಗ. ಹುಡುಗ ಗುಂಡಿಯಲ್ಲಿ ವಾಸನೆ ಬಂದೇ ಬರುತ್ತದೆ ಎಂದು ಯಾಕೆ ಹೇಳಿದ ಎಂಬುದೂ ಆಗಲೇ ತಲೆಗೆ ಇಳಿಯಿತು.

ಮೈದುನ ಅಂಗಾತ ಬಿದ್ದಿದ್ದ. ಮಾಸ್ಕು ಮುಖದ ಮೇಲೇ ಇತ್ತು. ರಾಯರು ಚಕ್ರಕ್ಕೆ ಸಿಕ್ಕಿದ ಹಗ್ಗ ಬಿಡಿಸಲು ನೋಡಿದರು, ಗಂಟು ಬಿಗಿದು ಕಲ್ಲಾಗಿತ್ತು. ಬಿಟ್ಟು, ತಂದ ಹಗ್ಗವನ್ನು ಅವನ ಕಂಕುಳಡಿ ತೂರಿಸಿ ಕಟ್ಟಿದರು, ಹಳೆಯದನ್ನು ಚಾಕುವಿನಿಂದ ಕೊಯ್ದರು. ‘ಎದ್ದೇಳೋ, ನಿಮ್ಮಕ್ಕನಿಗೆ ಏನು ಹೇಳ್ಲೋ’ ಎಂದು ಮಾಸ್ಕಿನೊಳಗೇ ಬಡಬಡಿಸುತ್ತಿದ್ದರು. ಹಗ್ಗ ಜಗ್ಗಿದರು. ಮೇಲಿನವರು ಎಳೆದರು. ಜೋಲು ಬಿದ್ದ ಕಾಲುಗಳು ಅವರ ಹೆಗಲಿಗೆ ಒಮ್ಮೆ ತಾಗಿ ಬೆಳಕಿನ ಕಡೆಗೆ ಹೋದವು.

ರಾಯರು ಏಣಿ ಹತ್ತಿ ಮೇಲೆ ಬರುವಷ್ಟರಲ್ಲಿ ಹುಡುಗನನ್ನು ಗುಂಡಿಯಿಂದ ದೂರ, ಗಾಳಿ ಬೀಸುವ ಕಡೆ ಮಲಗಿಸಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಒಬ್ಬ ಎದೆ ಒತ್ತುತ್ತಿದ್ದ, ಒಬ್ಬ ಆಫೀಸಿನ ಕಡೆಗೆ ಓಡಿದ್ದ. ರಾಯರು ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಮಾಸ್ಕು ತೆಗೆಯಬೇಕೆಂಬುದೂ ಹೊಳೆಯಲಿಲ್ಲ. ಅವರ ಕಣ್ಣು ಹುಡುಗನ ಎದೆಯ ಮೇಲಿತ್ತು.

ಅದು ಏಳಲಿಲ್ಲ, ಏಳಲಿಲ್ಲ, ಆಮೇಲೆ ಎದ್ದಿತು. ಹುಡುಗ ಮಗ್ಗುಲಾಗಿ ವಾಂತಿ ಮಾಡಿಕೊಂಡ. ಇಡೀ ಮೈ ನಡುಗಿಸುವ ಕೆಮ್ಮು. ಕಣ್ಣು ಅರ್ಧ ತೆರೆಯಿತು, ಬಿಳಿಭಾಗವೆಲ್ಲ ಕೆಂಪು. ಸುತ್ತಲೂ ಹುಡುಕಿ ಹುಡುಕಿ ಕೊನೆಗೆ ಭಾವನ ಮೇಲೆ ನಿಂತಿತು.

‘ಭಾವ...’ ಎಂದ. ದನಿ ಹರಿದ ಕಾಗದದ ಹಾಗಿತ್ತು. ‘ನಾನೇ... ಸರಿಯಾಗಿ ಮಾಡ್ಕೊಂಡಿರಲಿಲ್ಲ. ಉರಿಯುತ್ತೆ ಅಂತ ಬೇಗ ಬಿಟ್ಬಿಟ್ಟೆ. ಅಕ್ಕನಿಗೆ ಹೇಳ್ಬೇಡಿ. ಪಾಪ, ನಿಮ್ಮನ್ನ ಬಯ್ತಾಳೆ.’

ಮೇಸ್ತ್ರಿ ತಲೆ ಚಚ್ಚಿಕೊಂಡ. ‘ಎಷ್ಟು ಸಲ ಹೇಳಿದೀನಿ ಇವನಿಗೆ! ರಾಯರು ಅಷ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡ್ರೂ ಹೀಗೆ ಮಾಡ್ತಾನಲ್ಲ. ಇವತ್ತು ರಾಯರು ಇಳೀದಿದ್ರೆ ಹೆಣ ಎತ್ತಬೇಕಿತ್ತು.’

ಆಳುಗಳು ಹೌದೆಂದು ತಲೆಯಾಡಿಸಿದರು. ಒಬ್ಬ ರಾಯರ ಬೆನ್ನು ಸವರಿದ. ತಪ್ಪು ಹುಡುಗನ ತಲೆಗೆ ಹೋಗಿ ಕೂತಾಗಿತ್ತು, ಹೊಗಳಿಕೆ ರಾಯರ ತಲೆಗೆ. ಸುಮ್ಮನಿದ್ದರೆ ಎರಡೂ ಅಲ್ಲಲ್ಲೇ ಉಳಿಯುತ್ತಿದ್ದವು. ಮನೆಗೆ ಹೋದರೆ ಹೆಂಡತಿಯೂ ಕಾಲಿಗೆ ಬಿದ್ದು ಅಳುತ್ತಿದ್ದಳು, ತಮ್ಮನನ್ನು ಉಳಿಸಿಕೊಟ್ಟಿರಿ ಎಂದು.

ರಾಯರು ಏನೋ ಹೇಳಿದರು. ರಬ್ಬರಿನೊಳಗೆ ಅದು ಗೊರಗೊರ ಎಂದು ಉಳಿಯಿತು.

‘ಏನಂದ್ರಿ?’ ಎಂದು ಮೇಸ್ತ್ರಿ ಬಗ್ಗಿದ.

ರಾಯರು ಮಾಸ್ಕು ಕಳಚಿದರು. ಅಂಚು ಕಚ್ಚಿ ಹಿಡಿದಿದ್ದ ಕಡೆಯೆಲ್ಲ ಕೆನ್ನೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು. ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದರು.

‘ಅವನು ಸರಿಯಾಗೇ ಮಾಡ್ಕೊಂಡಿದ್ದ. ನೀವೆಲ್ಲ ಸರಿಯಾಗೇ ಮಾಡ್ಕೊಂಡಿದ್ರಿ. ಮಷಿನ್ನು ಮೊಂಡಾಗಿದೆ. ನನ್ನ ಗಡ್ಡ ಮೆತ್ತಗಾಗಿತ್ತು, ನಂಗೆ ಗೊತ್ತಾಗಲಿಲ್ಲ. ದಿನಾ ನಾನು ಪಾಸು ಪಾಸು ಅಂತ ನಿಮ್ಮನ್ನ ಕೆಳಗೆ ಕಳಿಸ್ತಿದ್ದೆ.’

ಬೆನ್ನ ಮೇಲಿದ್ದ ಕೈ ಹಿಂದಕ್ಕೆ ಹೋಯಿತು. ಹುಡುಗನ ಎದೆ ಒತ್ತುತ್ತಿದ್ದವನು ತನ್ನ ದವಡೆಯಡಿ ಬೆರಳಿಟ್ಟು ನಿಧಾನವಾಗಿ ಮೇಲಕ್ಕೆ ಎಳೆದುಕೊಂಡ. ಅವನನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಇನ್ನೊಬ್ಬ. ಬಿಸಿಲಿನಲ್ಲಿ ಆ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ತಮ್ಮ ತಮ್ಮ ಕೆನ್ನೆ ಮುಟ್ಟಿಕೊಳ್ಳುತ್ತ ನಿಂತರು. ಒಬ್ಬನಿಗೆ ಕೆಮ್ಮು ಬಂತು, ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅದನ್ನು ತಡೆದ.

‘ಯಾವಾಗಿಂದ ರಾಯರೇ?’ ಎಂದು ಮೇಸ್ತ್ರಿ ಮೆಲ್ಲಗೆ ಕೇಳಿದ. ‘ಯಾವಾಗಿಂದ ಹೀಗೆ?’

ರಾಯರು ಯೋಚಿಸಿದರು. ತಮ್ಮ ಗಡ್ಡ ಯಾವ ದಿನ ಮೆತ್ತಗಾಯಿತು, ಬ್ಲೇಡು ಯಾವ ದಿನ ಮೊಂಡಾಯಿತು ಎಂದು ನೆನಪು ಮಾಡಿಕೊಳ್ಳಲು ನೋಡಿದರು.

‘ಗೊತ್ತಿಲ್ಲ’ ಎಂದರು.